ಒಂದು ‘ರೀ’ ತೂಕ ಕಡಿಮೆ

ಗುಲಗಂಜಿ ಸಾಹೇಬರು ಹೆಂಡತಿಯ ಪೆಟ್ಟಿಗೆಯನ್ನು ಟ್ಯಾಕ್ಸಿಯೊಳಗೆ ಇಡುತ್ತಾ ರಾಜಾಜ್ಞೆಯನ್ನೇ ಹೊರಡಿಸಿದರು. ಇಡೀ ಮಾರುಕಟ್ಟೆ ತಮ್ಮ ನೆರಳು ಕಂಡರೆ ನಡುಗುತ್ತದೆ. ಅಂಥವರಿಗೆ ಎರಡು ಕೋಣೆ, ಒಂದು ಒಲೆ, ಒಂದು ನಲ್ಲಿಯ ಮನೆ ಯಾವ ಲೆಕ್ಕ? ಮಗಳಿಗೆ ಹೆರಿಗೆಯಾಗಿದೆ, ಮೊಮ್ಮಗು ಇನ್ನೂ ಕೈಗೂಸು, ಧಾರಾಳವಾಗಿ ಹೋಗಿ ಬರಲಿ. ಆರು ತಿಂಗಳಲ್ಲ, ಆರು ವರ್ಷ ಬಿಟ್ಟು ಬಂದರೂ ಈ ಮನೆ ಇಟ್ಟಲ್ಲಿ ಇಟ್ಟಂತೆ ಇರುತ್ತದೆ!

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಟ್ಯಾಕ್ಸಿಯ ಕಿಟಕಿಯಿಂದ ತಲೆ ಹೊರಹಾಕಿ ಒಂದೇ ಮಾತು ಕೇಳಿದರು.

"ರೀ, ಗ್ಯಾಸ್ ಆರಿಸಿದ್ರಾ?"

ಸಾಹೇಬರು ಒಳಗೆ ಓಡಿದರು. ಒಲೆ ದೇದೀಪ್ಯಮಾನವಾಗಿ ಉರಿಯುತ್ತಿತ್ತು. ಅದನ್ನು ಆರಿಸಿ ಹೊರಗೆ ಬರುವಷ್ಟರಲ್ಲಿ ಟ್ಯಾಕ್ಸಿ ಬೀದಿಯ ತಿರುವು ದಾಟಿಬಿಟ್ಟಿತ್ತು. ಕೈ ಬೀಸುವುದಕ್ಕೂ ಆಗಲಿಲ್ಲ.

ಅಪ್ಪ ಅಮ್ಮ ಅವರಿಗೆ ಗುಲಗಂಜಿ ಎಂದು ಹೆಸರಿಟ್ಟಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಗುಲಗಂಜಿಯಷ್ಟು ತೂಕ ಕಡಿಮೆ ಬಂದರೂ ತಕ್ಕಡಿಯನ್ನು ಎತ್ತಿಕೊಂಡು ಹೋಗುತ್ತಿದ್ದುದರಿಂದ ಅಂಗಡಿಯವರು ಕೊಟ್ಟ ಹೆಸರು ಅದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು, ಸಾಹೇಬರು ಅದನ್ನು ಬಿರುದಿನಂತೆ ಧರಿಸಿದರು. ಪಕ್ಕದ ಮೇಜಿನ ಸಹೋದ್ಯೋಗಿ ಪೆಟ್ರೋಲ್ ಬಂಕುಗಳನ್ನು ಪರೀಕ್ಷೆ ಮಾಡುವವರು, ಅವರ ಹೆಸರು ಲೀಟರು. ಈ ಲೀಟರು ಮಾತ್ರ ಯಾವ ಮಾತನ್ನೂ ಅಳೆಯುತ್ತಿರಲಿಲ್ಲ, ಸುರಿಯುತ್ತಿದ್ದರು.

ಕಚೇರಿಯಲ್ಲಿ ಇಷ್ಟು ಕರಾರುವಾಕ್ಕಾದ ಮನುಷ್ಯ ಮನೆಗೆ ಬಂದರೆ ಅಪ್ಪಟ ಮರೆಗುಳಿ. ತಾವು ಮುದ್ರೆ ಒತ್ತಿದ ತಕ್ಕಡಿಯನ್ನು ರಸ್ತೆಯ ಆಚೆ ಬದಿಯಿಂದಲೇ ಗುರುತಿಸಬಲ್ಲರು. ತಮ್ಮ ಕೊಡೆಯನ್ನು ಗುರುತಿಸಲಾರರು. ಹಾಗಾಗಿ ಇಲಾಖೆಯ ಅರ್ಧದಷ್ಟು ಕೊಡೆಗಳು ಅವರ ಮನೆಯ ಮೂಲೆಯಲ್ಲಿ ವಾಸವಾಗಿದ್ದವು. ನಲ್ಲಿ, ಒಲೆ, ಗೀಸರು, ಮಾತ್ರೆ, ಬಾಗಿಲ ಚಿಲಕ, ಇವೆಲ್ಲ ಅವರ ಲೆಕ್ಕದಲ್ಲಿ ತಮ್ಮಷ್ಟಕ್ಕೆ ತಾವೇ ನಡೆಯುವ ಸಂಗತಿಗಳು. ಅವು ಹಾಗೆ ನಡೆಯುತ್ತಿದ್ದುದು ಹೆಂಡತಿಯ ಬಾಯಿಯ ಬಲದಿಂದ.

ಈ ಬಾಯಿ ಊರು ಬಿಡುತ್ತದೆ ಎಂದಾಗ ಮಗಳೇ ಒಂದು ಉಪಾಯ ಹೇಳಿದ್ದಳು. ‘ಮರೆಗುಳಿ ಮಿತ್ರ’ ಎಂಬ ಆ್ಯಪ್ ಇದೆ. ಮನೆಯವರ ದನಿಯಲ್ಲಿ ಮಾತು ತುಂಬಿಸಿ ಹೊತ್ತು ಗೊತ್ತು ಮಾಡಿಟ್ಟರೆ ಆ ಹೊತ್ತಿಗೆ ಆ ಮಾತು ಕೇಳಿಸುತ್ತದೆ. ಬಿಟ್ಟಿ ಸಿಗುವುದೂ ಒಂದಿತ್ತು. ಸಾಹೇಬರು ದುಡ್ಡು ಕೊಟ್ಟು ಕೊಳ್ಳುವುದನ್ನೇ ಕೊಂಡರು. ಬಿಟ್ಟಿ ಸರಕಿನ ಮೇಲೆ ಯಾವ ಮುಖ ಇಟ್ಟುಕೊಂಡು ದೂರು ಕೊಡುವುದು ಎಂಬುದು ಅವರ ಸಿದ್ಧಾಂತ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ನಿಮ್ಮವರ ದನಿಯಲ್ಲಿ, ಸರಿಯಾದ ಹೊತ್ತಿಗೆ.’

ಹೆಂಡತಿ ಬಟ್ಟೆ ಮಡಚುತ್ತಾ, ಬೀರು ತೆಗೆಯುತ್ತಾ ಹಾಕುತ್ತಾ, ಅದರ ಬಾಗಿಲ ಕಿರುಗುಟ್ಟುವಿಕೆಯ ಸಮೇತ ಮಾತು ತುಂಬಿಸಿ ಮುಗಿಸಿದರು. ಅದು ಜ್ಞಾಪಿಸುವ ಮಾತಿನಂತಿರಲಿಲ್ಲ, ಮೂವತ್ತು ವರ್ಷದ ಸಂಸಾರದ ಸಾರಾಂಶದಂತಿತ್ತು. ‘ರೀ, ಮಾತ್ರೆ ನುಂಗಿ, ಆಮೇಲೆ ನುಂಗ್ತೀನಿ ಅನ್ಬೇಡಿ.’ ‘ರೀ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ದೀರಾ ಅಲ್ವಾ? ನಂಗೊತ್ತು.’ ಎಲ್ಲಕ್ಕೂ ಕಳಶವಿಟ್ಟಂತೆ, ‘ರೀ, ನಲ್ಲಿ ನಿಲ್ಲಿಸಿದ್ರಾ? ಸುಳ್ಳು ಹೇಳ್ಬೇಡಿ, ಹೋಗಿ ನೋಡಿ.’

ಮೊದಲ ವಾರ ಎಲ್ಲ ಸುಸೂತ್ರ. ಎರಡನೆಯ ವಾರ ಆ್ಯಪಿಗೆ ಹೊತ್ತುಗೊತ್ತು ತಪ್ಪಿತು, ಒಮ್ಮೊಮ್ಮೆ ಅರ್ಧ ಮಾತೇ ಹೊರಬರತೊಡಗಿತು.

ದಿನಸಿ ಅಂಗಡಿಯ ಯಜಮಾನನ ತಕ್ಕಡಿಯನ್ನು ಪರೀಕ್ಷಿಸುವ ದಿನ ಅದು. ಆತ ಸಾಹೇಬರ ಬಹುಕಾಲದ ಎದುರಾಳಿ, ಬಾಯಲ್ಲಿ ಬೆಲ್ಲ, ತಟ್ಟೆಯ ಕೆಳಗೆ ಮೇಣ. ಗಿರಾಕಿಗಳು ಸುತ್ತ ನೆರೆದಿದ್ದರು. ಸಾಹೇಬರು ತಮ್ಮ ಹಿತ್ತಾಳೆಯ ತೂಕದ ಬೊಟ್ಟುಗಳನ್ನು ಒಂದೊಂದಾಗಿ ಇಟ್ಟು, ಮುಳ್ಳನ್ನು ನೋಡಿ, ಕನ್ನಡಕ ಏರಿಸಿ, ಇಡೀ ಅಂಗಡಿಗೆ ಕೇಳುವಂತೆ ತೀರ್ಪು ಕೊಟ್ಟರು: ಈ ತಕ್ಕಡಿ ತೂಕದಲ್ಲಿ ಮೋಸ ಮಾಡುತ್ತಿದೆ. ತೀರ್ಪಿನ ಕೊನೆಯ ಅಕ್ಷರ ಬಾಯಿಂದ ಬೀಳುತ್ತಿದ್ದಂತೆ ಜೇಬು ಮಾತಾಡಿತು.

"ಸುಳ್ಳು ಹೇಳ್ಬೇಡಿ, ಹೋಗಿ ನೋಡಿ."

ಗಿರಾಕಿಗಳು ಮೊದಲು ಜೇಬು ನೋಡಿದರು, ಆಮೇಲೆ ಸಾಹೇಬರ ಮುಖ ನೋಡಿದರು, ಆಮೇಲೆ ನಕ್ಕರು. ಯಜಮಾನ ಕೈ ಮುಗಿದು, ಅಮ್ಮನವರಿಗಾದರೂ ನನ್ನ ಮೇಲೆ ನಂಬಿಕೆ ಇದೆಯಲ್ಲ, ಅಷ್ಟು ಸಾಕು ಎಂದ. ತಕ್ಕಡಿಯನ್ನೇನೋ ಜಪ್ತಿ ಮಾಡಿದ್ದಾಯಿತು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುತ್ತದೆಯೇ?

ಆ ವಾರವೇ ಇಲಾಖೆಯ ಸಭೆ. ಮೇಲಧಿಕಾರಿಗಳು ಎದ್ದು ನಿಂತು, ನಮ್ಮಲ್ಲಿ ಶಿಸ್ತಿನ ಕೊರತೆ ಇದೆ, ಯಾರೆಂದು ನಾನು ಹೇಳುವುದಿಲ್ಲ ಎಂದು ಮಾತು ನಿಲ್ಲಿಸಿದರು. ಆ ಮೌನದಲ್ಲಿ ಹೆಂಗಸಿನ ದನಿಯೊಂದು ಸ್ಪಷ್ಟವಾಗಿ ಕೇಳಿಸಿತು: ‘ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ದೀರಾ ಅಲ್ವಾ? ನಂಗೊತ್ತು.’ ಸಭೆಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೇ ತಲೆ ತಗ್ಗಿಸಿದರು. ಮೇಲಧಿಕಾರಿಗಳೂ ಒಂದು ಕ್ಷಣ ತಗ್ಗಿಸಿದ್ದರು ಎಂದು ಲೀಟರು ಇಂದಿಗೂ ಆಣೆ ಇಟ್ಟು ಹೇಳುತ್ತಾರೆ.

ಫೋನಿನ ಬಾಯಿ ಮುಚ್ಚಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮರೆಗುಳಿಗಳು ಸದ್ದು ಅಡಗಿಸಿ ಮರೆತುಬಿಡುತ್ತಾರೆಂದು, ಫೋನು ಮೌನವಾಗಿದ್ದರೂ ತಾನು ಮಾತಾಡುವಂತೆ ಆ ಆ್ಯಪನ್ನು ಮಾಡಿದ್ದರು. ಅದೊಂದು ಮಾತ್ರ ಜಾಹೀರಾತಿನಲ್ಲಿ ಹೇಳಿದಂತೆಯೇ ನಡೆಯುತ್ತಿತ್ತು.

ಸಾಹೇಬರು ಟೊಂಕ ಕಟ್ಟಿ ನಿಂತರು. ಊರಿನ ಗ್ರಾಹಕರನ್ನೆಲ್ಲ ಕಾಯುವ ತಾನು ತನ್ನ ಜೇಬಿನಲ್ಲೇ ಮೋಸ ಹೋಗುವುದೇ? ಕೊಂಡದ್ದಕ್ಕೆ ರಸೀದಿ ಇತ್ತು. ಜಾಹೀರಾತಿನ ಚಿತ್ರ ತೆಗೆದಿಟ್ಟುಕೊಂಡರು. ಆ್ಯಪು ಯಾವ ಹೊತ್ತಿಗೆ ಒದರಬೇಕಿತ್ತು, ಯಾವ ಹೊತ್ತಿಗೆ ಒದರಿತು ಎಂಬುದಕ್ಕೆ ಲೀಟರನ್ನು ಸಾಕ್ಷಿ ಮಾಡಿಕೊಂಡು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದರು. ಆ ಕಡೆ ಒಬ್ಬ ಹುಡುಗಿ, ಸಕ್ಕರೆಯಂಥ ದನಿ. ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡುತ್ತೀರಾ ಎಂದು ಕೇಳಿದಳು.

"ಅಂಗಡಿಯವನು ತಕ್ಕಡಿಗೆ ಎರಡು ಏಟು ಹಾಕಿ ಈಗ ಸರಿಯಾಯ್ತು ಅಂತಾನಲ್ಲ, ಹಾಗಾಯ್ತಮ್ಮ ನಿನ್ನ ಮಾತು," ಎಂದರು ಸಾಹೇಬರು. "ಸರಿಯಾದ ಹೊತ್ತಿಗೆ ಅಂತ ಹೇಳಿ ಮಾರಿದ್ದೀರಿ. ಹೇಳಿದ್ದನ್ನ ಕೊಡಿ. ಆಗದಿದ್ರೆ ದುಡ್ಡು ವಾಪಸ್ ಕೊಡಿ. ಇದು ಬೇಡಿಕೊಳ್ಳೋದಲ್ಲ, ನನ್ನ ಹಕ್ಕು. ಇಲ್ಲಾಂದ್ರೆ ಗ್ರಾಹಕರ ನ್ಯಾಯಾಲಯದಲ್ಲಿ ಸಿಗೋಣ."

ಹುಡುಗಿ ದೂರು ದಾಖಲಿಸಿಕೊಂಡಳು. ನಮ್ಮ ತಾಂತ್ರಿಕ ತಂಡದವರು ನೋಡುತ್ತಾರೆ, ಸ್ವಲ್ಪ ಸಮಯ ಕೊಡಿ ಎಂದಳು. ಸಾಹೇಬರು ಕೊಟ್ಟರು. ಎಡವಟ್ಟಾದದ್ದು ಅಲ್ಲಿಯೇ. ಆ ಸಮಯದಲ್ಲಿ ಅವರಿಗೆ ಇನ್ನೊಂದು ವಿಷಯ ತಿಳಿದುಬಿಟ್ಟಿತು.

ಹೆಂಡತಿ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದರು. ಆದರೆ ಅದರಲ್ಲಿ ಹೆಂಡತಿ ಇರುತ್ತಿರಲಿಲ್ಲ. ಪರದೆಯ ತುಂಬ ಮೊಮ್ಮಗುವಿನ ಅಂಗಾಲು, ಇಲ್ಲವೇ ಮಗಳ ಮನೆಯ ಫ್ಯಾನು. ಊಟ ಆಯ್ತಾ ಎಂದು ಕೇಳುತ್ತಿದ್ದರು. ಇವರು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಮಗು ಆಕಳಿಸುತ್ತಿತ್ತು, ಇಡೀ ಮನೆ ಅದನ್ನು ನೋಡಲು ಓಡುತ್ತಿತ್ತು. ಮೊಮ್ಮಗುವಿನ ಮೇಲೆ ಅಜ್ಜನಿಗೆ ಹೊಟ್ಟೆಕಿಚ್ಚೇ? ಛೆ, ಇಲ್ಲವೇ ಇಲ್ಲ. ಗುಲಗಂಜಿಯಷ್ಟು ಇತ್ತು.

ಒಂದು ದಿನ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಮರೆತರು. ಪಾತ್ರೆಯ ತಳ ಕರಿ ಹಿಡಿದು ರಂಧ್ರವಾಯಿತು. ಅದು ಹೆಂಡತಿಯ ಪ್ರೀತಿಯ ಪಾತ್ರೆ, ಅದನ್ನು ಮುಟ್ಟಲು ಬೇರೆಯವರಿಗೆ ಅಪ್ಪಣೆಯೇ ಇರಲಿಲ್ಲ. ಸಾಹೇಬರು ಅಂದು ಸಂಜೆ ಆ ಪಾತ್ರೆಯನ್ನು ಪರದೆಯ ಮುಂದೆ ಹಿಡಿದು, ರಂಧ್ರದೊಳಗೆ ಬೆರಳು ತೂರಿಸಿ ತೋರಿಸಿದರು. ಬೈಗುಳಕ್ಕೆ ಕಿವಿ ಸಜ್ಜು ಮಾಡಿಕೊಂಡು ಕೂತರು.

"ಪರವಾಗಿಲ್ಲ ಬಿಡಿ," ಎಂದರು ಹೆಂಡತಿ. "ಹೊಸದು ತಗೊಂಡ್ರಾಯ್ತು. ಇಲ್ನೋಡಿ, ನಕ್ತಾ ಇದೆ."

ಪರವಾಗಿಲ್ಲ! ಮೂವತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದಿರಲಿಲ್ಲ. ಸಾಹೇಬರು ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅಡುಗೆಮನೆಯ ಹೊಸ್ತಿಲಲ್ಲೇ ಕೂತರು. ಹೆಂಡತಿ ದೂರ ಹೋಗಿದ್ದಾಳೆ ಎಂಬುದು ಅವರಿಗೆ ನಿಜವಾಗಿ ಅರ್ಥವಾದದ್ದು ಅವತ್ತು. ಟ್ಯಾಕ್ಸಿ ಹೋದ ದಿನ ಅಲ್ಲ.

ಅಂಥ ಗಳಿಗೆಯಲ್ಲಿ ಜೇಬು ಕೂಗಿತು: ‘ರೀ, ಮಾತ್ರೆ ನುಂಗಿ, ಆಮೇಲೆ ನುಂಗ್ತೀನಿ ಅನ್ಬೇಡಿ.’ ಮಾತ್ರೆ ನುಂಗುವ ಹೊತ್ತು ಅದಾಗಿರಲೇ ಇಲ್ಲ. ಬೆಳಗಿನ ಮಾತ್ರೆ ಬೆಳಿಗ್ಗೆಯೇ ಹೊಟ್ಟೆಗೆ ಹೋಗಿತ್ತು. ಆದರೂ ಸಾಹೇಬರು ಎದ್ದು ನಿಂತು, "ನುಂಗಿದೆ ಕಣೇ, ಬೆಳಿಗ್ಗೇನೇ ನುಂಗಿದೆ," ಎಂದು ಫೋನಿಗೆ ಉತ್ತರ ಕೊಟ್ಟರು. ಉತ್ತರ ಕೊಟ್ಟ ಮೇಲೆ ನಾಚಿಕೆಯಾಯಿತು. ಮರುದಿನ ಕಡಿಮೆ ನಾಚಿಕೆಯಾಯಿತು. ಆಮೇಲೆ ಅದೇ ರೂಢಿಯಾಯಿತು. ಯೋಚಿಸಿ ನೋಡಿದರೆ ಹೆಂಡತಿಯೂ ಸರಿಯಾದ ಹೊತ್ತಿಗೆ ಬೈದವರಲ್ಲ. ಸ್ನಾನಕ್ಕೆ ಹೋದಾಗ ಗ್ಯಾಸಿನ ವಿಷಯ, ಬಾಗಿಲಿಗೆ ನೆಂಟರು ಬಂದಾಗ ಟವೆಲಿನ ವಿಷಯ, ಅವರ ಪದ್ಧತಿಯೇ ಅದು. ಈ ಕೆಟ್ಟ ಆ್ಯಪು ಅವರನ್ನು ಇದ್ದದ್ದು ಇದ್ದ ಹಾಗೆ ಮನೆಯೊಳಗೆ ತಂದಿತ್ತು. ಬೀರುವಿನ ಕಿರುಗುಟ್ಟುವಿಕೆಯ ಸಮೇತ!

ಇದನ್ನು ಕೇಳಿ, ಹಾಗಾದರೆ ದೂರು ವಾಪಸ್ ತಗೊಳ್ಳಿ ಎಂದರು ಲೀಟರು. ಸಾಹೇಬರಿಗೆ ಅದಾಗಲಿಲ್ಲ. ದೂರು ವಾಪಸ್ ತೆಗೆದುಕೊಂಡವರನ್ನು ಅವರು ಜನ್ಮವಿಡೀ ಹೀಯಾಳಿಸಿದ್ದರು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಕಂಪನಿಯವರು ಹೇಗೂ ಮಾಡುವುದಿಲ್ಲ, ಯಾವ ಕಂಪನಿ ಯಾವಾಗ ಮಾಡಿದೆ ಎಂದು ಧೈರ್ಯ ತಂದುಕೊಂಡರು.

ಆದರೆ ಅವರ ಗ್ರಹಚಾರಕ್ಕೆ ಈ ಕಂಪನಿ ಪ್ರಾಮಾಣಿಕವಾಗಿತ್ತು. ಒಂದು ಮುಂಜಾನೆ ಸಂದೇಶ ಬಂತು: ಮಾನ್ಯ ಗ್ರಾಹಕರೇ, ತಮಗಾದ ತೊಂದರೆಗೆ ಕ್ಷಮೆಯಿರಲಿ, ಆ್ಯಪನ್ನು ಸಂಪೂರ್ಣ ಸರಿಪಡಿಸಲಾಗಿದೆ. ಅದರ ಬೆನ್ನಿಗೇ ಫೋನು ಮಾತಾಡಿತು.

"ನಲ್ಲಿ ನಿಲ್ಲಿಸಿ."

ಸಾಹೇಬರು ಮುಂದಿನದಕ್ಕೆ ಕಾದರು. ಮುಂದಿನದು ಇರಲಿಲ್ಲ. ದನಿ ಹೆಂಡತಿಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ‘ರೀ’ ಇಲ್ಲ. ‘ಸುಳ್ಳು ಹೇಳ್ಬೇಡಿ’ ಇಲ್ಲ. ‘ನಂಗೊತ್ತು’ ಇಲ್ಲ. ಬೀರುವಿನ ಬಾಗಿಲೂ ಇಲ್ಲ. ಮಾತ್ರೆ ನುಂಗಿ. ಟವೆಲ್ ಒಣಗಿಸಿ. ಗ್ಯಾಸ್ ಆರಿಸಿ. ಗಡಿಯಾರದ ಮುಳ್ಳು ತಪ್ಪದಂತೆ, ಹೊತ್ತಿಗೆ ಸರಿಯಾಗಿ, ರೈಲು ನಿಲ್ದಾಣದ ಪ್ರಕಟಣೆಯಂತೆ. ಅಂದು ಊಟಕ್ಕೆ ಕೂತಾಗ ತಟ್ಟೆಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಸಾಹೇಬರು ಅರ್ಧ ಊಟಕ್ಕೆ ಎದ್ದು ಗ್ರಾಹಕ ಸೇವೆಗೆ ಫೋನ್ ಮಾಡಿದರು. ಅದೇ ಹುಡುಗಿ.

"ಸರ್, ಈಗ ಆ್ಯಪ್ ಹೇಗೆ ಕೆಲ್ಸ ಮಾಡ್ತಿದೆ?"

"ಚೆನ್ನಾಗಿ ಕೆಲ್ಸ ಮಾಡ್ತಿದೆ."

"ಸಂತೋಷ ಸರ್. ಮತ್ತೆ ದೂರು ಏನು?"

"ಅದೇ ದೂರು."

ಹುಡುಗಿ ತನ್ನ ದೂರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದಳು. ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ದೂರು ದಾಖಲಿಸಲು ತಮ್ಮಲ್ಲಿ ಜಾಗವೇ ಇಲ್ಲ ಎಂದಳು. ದನಿಯನ್ನು ಶುದ್ಧ ಮಾಡಿದ್ದೇವೆ, ಹಿನ್ನೆಲೆಯ ಗದ್ದಲ ತೆಗೆದಿದ್ದೇವೆ, ಅನಗತ್ಯ ಮಾತುಗಳನ್ನು ಕತ್ತರಿಸಿದ್ದೇವೆ, ಇದಕ್ಕೆಲ್ಲ ಹೆಚ್ಚುವರಿ ಹಣ ಪಡೆದಿಲ್ಲ ಎಂದು ವಿವರಿಸಿದಳು. ಅನಗತ್ಯ ಎಂಬ ಪದ ಕೇಳಿದ್ದೇ ತಡ, ಸಾಹೇಬರೊಳಗಿನ ಇನ್ಸ್‌ಪೆಕ್ಟರು ಎದ್ದು ನಿಂತರು.

"ಬರ್ಕೊಳ್ಳಮ್ಮ. ನಾನು ದುಡ್ಡು ಕೊಟ್ಟಿದ್ದು ನನ್ನವರ ದನಿಗೆ. ನಾನು ಹಾಕಿಸಿದ ಸರಕು ಒಂದು, ನೀವು ವಾಪಸ್ ಕೊಟ್ಟ ಸರಕು ಇನ್ನೊಂದು. ತೂಕದಲ್ಲಿ ಕಡಿಮೆ ಬಂದಿದೆ. ‘ರೀ’ ಅನ್ನೋ ಅಂಶ ಪೂರ್ತಿ ಕಾಣೆಯಾಗಿದೆ. ‘ಸುಳ್ಳು ಹೇಳ್ಬೇಡಿ, ಹೋಗಿ ನೋಡಿ’ ಅನ್ನೋದನ್ನ ಯಾರ ಅಪ್ಪಣೆ ಕೇಳಿ ತೆಗೆದ್ರಿ? ಅದಿಲ್ಲದೆ ಈ ಗ್ರಾಹಕನಿಗೆ ಊಟ ಸೇರ್ತಾ ಇಲ್ಲ. ಅದನ್ನೂ ಬರ್ಕೊಳ್ಳಿ."

ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಅವಳ ದನಿ ಯಾಕೋ ಸ್ವಲ್ಪ ಮೆತ್ತಗಾಗಿತ್ತು. ಹಳೆಯ ದನಿ ನಮ್ಮಲ್ಲಿ ಭದ್ರವಾಗಿದೆ, ವಾಪಸ್ ಹಾಕಬಹುದು, ಆದರೆ ನಿಯಮದ ಪ್ರಕಾರ ದನಿ ಯಾರದೋ ಅವರ ಒಪ್ಪಿಗೆ ಬೇಕು, ನಾವೇ ಕೇಳುತ್ತೇವೆ ಎಂದಳು. ಸಾಹೇಬರು ಬೇಡ, ಬೇಡ ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಆಮೇಲಿನ ದಿನಗಳು ಮುಳ್ಳಿನ ಮೇಲೆ ಕೂತಂತೆ ಕಳೆದವು. ವಿಡಿಯೋ ಕಾಲ್ ದಿನಾ ಬಂತು. ಆದರೆ ಹೆಂಡತಿ ಆ ಮಾತೇ ಎತ್ತಲಿಲ್ಲ. ಮಗು ಬೋರಲು ಬಿದ್ದಿದೆ ಎಂದು ತೋರಿಸಿದರು, ಅಷ್ಟೆ. ಕೊನೆಗೆ ಕಂಪನಿಯಿಂದ ಸಂದೇಶ ಬಂತು: ದನಿಯ ಒಡತಿಯವರು ಒಪ್ಪಿಗೆ ನಿರಾಕರಿಸಿದ್ದಾರೆ. ಆದ್ದರಿಂದ ತಮ್ಮ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿ, ಆ್ಯಪನ್ನು ಎಲ್ಲ ದನಿಗಳ ಸಮೇತ ಅಳಿಸಲಾಗಿದೆ. ಗ್ರಾಹಕರ ತೃಪ್ತಿಯೇ ನಮ್ಮ ಗುರಿ.

ಲೀಟರು ಇಡೀ ಕಚೇರಿಗೆ ಕೂಗಿ ಹೇಳಿದರು, ಗುಲಗಂಜಿ ಸಾಹೇಬರು ಗೆದ್ದರು ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದವರು ಮಾತ್ರ ಮೇಜಿನ ಮೇಲಿನ ಹಿತ್ತಾಳೆ ಬೊಟ್ಟನ್ನು ಬಟ್ಟೆಯಿಂದ ಒರೆಸುತ್ತಾ ಒರೆಸುತ್ತಾ ಕೂತಿದ್ದರು. ಒಪ್ಪಿಗೆ ಇಲ್ಲವಂತೆ. ಹೋಗಲಿ, ಮೊಮ್ಮಗು ಸಿಕ್ಕ ಮೇಲೆ ಈ ಮುದುಕನನ್ನು ಬೈಯುವ ಉಸಿರಾದರೂ ಯಾಕೆ ದಂಡ ಎಂದು ಅವಳಿಗೆ ಅನ್ನಿಸಿರಬೇಕು. ಮನೆಗೆ ಹೋಗಿ ಬೀರುವಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು. ಕಿರ್ ಎಂದಿತು. ಅದರ ಜೊತೆಯ ಮಾತು ಬರಲಿಲ್ಲ.

ಜಪ್ತಿಯಾದ ತಕ್ಕಡಿಯನ್ನು ದಂಡ ಕಟ್ಟಿ ಬಿಡಿಸಿ, ರಿಪೇರಿ ಮಾಡಿಸಿಕೊಂಡು ದಿನಸಿ ಅಂಗಡಿಯ ಯಜಮಾನ ಮರುಪರೀಕ್ಷೆಗೆ ಕರೆದದ್ದು ಮರುದಿನವೇ. ಸಾಹೇಬರು ನೆಲದ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಬೊಟ್ಟು ಹಿಡಿದು, ಮುಳ್ಳಿನ ಮೇಲೆ ಕಣ್ಣು ನೆಟ್ಟಿದ್ದರು. ಪಕ್ಕದಲ್ಲಿಟ್ಟಿದ್ದ ಫೋನು ರಿಂಗಾಯಿತು. ಕೈ ಖಾಲಿ ಇಲ್ಲವಲ್ಲ ಎಂದು ಯಜಮಾನನೇ ಉಪಕಾರಕ್ಕೆ ಅದನ್ನೆತ್ತಿ ಸ್ಪೀಕರ್ ಒತ್ತಿದ.

"ರೀ, ನಲ್ಲಿ ನಿಲ್ಲಿಸಿದ್ರಾ?"

ಹಿಂದೆ ಮಗು ಅಳುತ್ತಿತ್ತು, ಪಾತ್ರೆ ಬೀಳುತ್ತಿತ್ತು, ಮಗಳು ಏನೋ ಕೂಗುತ್ತಿದ್ದಳು. ಕಂಪನಿ ಶುದ್ಧ ಮಾಡಿ ತೆಗೆದ ಗದ್ದಲವೆಲ್ಲ ಅಲ್ಲಿತ್ತು. ಸಾಹೇಬರ ಕೈಯಲ್ಲಿನ ಬೊಟ್ಟು ತಟ್ಟೆಗೆ ಬಿತ್ತು.

"ನಿಲ್ಲಿಸಿದೀನಿ ಕಣೇ."

"ಸುಳ್ಳು ಹೇಳ್ಬೇಡಿ, ಹೋಗಿ ನೋಡಿ. ಕೆಳಗಿನ ಮನೆಯವ್ರು ನಂಗೆ ಫೋನ್ ಮಾಡಿದ್ರು, ಅವರ ಅಡುಗೆಮನೆ ಸೂರಿಂದ ನೀರು ಸುರೀತಾ ಇದೆಯಂತೆ."

ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ನೀರು ಬಂದಿರಲಿಲ್ಲ. ಬಂದಿಲ್ಲವಲ್ಲ ಎಂದು ಹಾಗೇ ಬಿಟ್ಟು ಬಂದಿದ್ದರು. ಇದೆಲ್ಲ ಈಗ ನೆನಪಿಗೆ ಬಂತು. ಆದರೂ ಅವರು ಎದ್ದು ಓಡಲಿಲ್ಲ. ಅಂಗಡಿಯ ತುಂಬ ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದನ್ನೂ ಮರೆತು, ತಗ್ಗಿದ ದನಿಯಲ್ಲಿ ಕೇಳಿದರು.

"ಕಂಪನಿಯವ್ರು ಕೇಳಿದಾಗ ಯಾಕೆ ಒಪ್ಪಲಿಲ್ಲ?"

ಆ ಕಡೆ ಮಗುವಿನ ಅಳು ದೂರವಾಯಿತು, ಹೆಂಡತಿ ಬೇರೆ ಕೋಣೆಗೆ ಬಂದಿದ್ದರು.

"ಆ ಹುಡುಗಿ ನೀವು ಬರೆಸಿದ್ದನ್ನೆಲ್ಲ ಓದಿ ಹೇಳಿದ್ಲು," ಎಂದರು ಹೆಂಡತಿ. "ಊಟ ಸೇರ್ತಿಲ್ಲ ಅನ್ನೋದನ್ನ ಆ ಕಂಪನಿಗೆ ಹೇಳೋ ಬದ್ಲು ನಂಗೆ ಹೇಳಬಾರದಿತ್ತಾ? ದುಡ್ಡು ವಾಪಸ್ ತಗೊಳ್ಳೋ ಹಕ್ಕು ನಿಮ್ದು. ನಿಮ್ಮನ್ನ ಬೈಯೋ ಹಕ್ಕು ನಂದು, ಅದನ್ನ ಇನ್ನೊಬ್ಬರ ಕೈಗೆ ಯಾಕೆ ಕೊಡ್ಲಿ? ಈಗ ಹೋಗಿ ಮೊದ್ಲು, ನೀರು!"

ಸಾಹೇಬರು ಓಡಿದರು. ಅಂತೂ ನಿಮ್ಮ ಆ್ಯಪ್ ಸರಿಹೋಯಿತು ಅನ್ನಿ ಎಂದು ಯಜಮಾನ ಹಿಂದಿನಿಂದ ಕೂಗಿದ. ಅವರು ತಿರುಗಿ ನೋಡಲಿಲ್ಲ. ತಕ್ಕಡಿ ಸರಿ ಇದೆಯೋ ಇಲ್ಲವೋ ಎಂದು ಹೇಳದೆ ಅವರು ಅಂಗಡಿ ಬಿಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಮನೆಯೊಳಗೆ ಚಪ್ಪಲಿಗಳು ತೇಲುತ್ತಿದ್ದವು, ಇಲಾಖೆಯ ಕೊಡೆಗಳು ಬಾಗಿಲವರೆಗೆ ಪ್ರಯಾಣ ಬಂದಿದ್ದವು. ಕೆಳಗಿನ ಮನೆಯವರಿಗೆ ಕೈ ಮುಗಿದು, ಸಿಕ್ಕಿದ ಟವೆಲುಗಳನ್ನೆಲ್ಲ ಹಾಕಿ ನೆಲ ಒರೆಸಿ, ಹಿಂಡಿ, ಒರೆಸಿ, ಸೊಂಟ ಹಿಡಿದುಕೊಂಡು ನಿಲ್ಲುವಷ್ಟರಲ್ಲಿ ಸಂಜೆಯಾಗಿತ್ತು. ಫೋನು ಮತ್ತೆ ರಿಂಗಾಯಿತು. ಈ ಸಲ ವಿಡಿಯೋ ಇರಲಿಲ್ಲ, ಬರೀ ದನಿ.

"ರೀ, ಆ ಒದ್ದೆ ಟವೆಲ್ಲೆಲ್ಲ ಎಲ್ಲಿ ಹಾಕಿದ್ರಿ?"

ಸಾಹೇಬರು ಹಾಸಿಗೆಯ ಕಡೆ ನೋಡಿದರು. ಟವೆಲುಗಳು ಅಲ್ಲಿಯೇ ಇದ್ದವು, ಒಂದರ ಮೇಲೊಂದು, ನೀರು ಇಳಿಸುತ್ತಾ. ಗುಲಗಂಜಿಯಷ್ಟು ಸುಳ್ಳನ್ನೂ ಸಹಿಸದ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು.

"ಹೊರಗೆ ಹಗ್ಗದ ಮೇಲೆ ಒಣಗಿಸಿದೀನಿ," ಎಂದರು. ಹೇಳಿ, ಫೋನನ್ನು ಕಿವಿಗೆ ಒತ್ತಿ ಹಿಡಿದು, ಮುಂದಿನದಕ್ಕೆ ಕಾದರು.